ಕಿವಿ ಎಂದರೆ ಕಲ್ಲು

ತುರ್ಕು ಪಟ್ಟಣದಲ್ಲಿ ಕಲ್ಲಿಗೆ ಕಿವಿ ಎನ್ನುತ್ತಾರೆ.
ಅದೇ ಬುಡದಿಂದ ಚಿಗುರಿದ ಮಾತು, ಕಿವೆಸ್:
ನಾವು ಬೀಜವೆಂದು ಪಿಸುಗುಟ್ಟುವುದು,
ವೃಷಣವೆನ್ನುವ ಮೊದಲು ಗಂಟಲು ಸರಿಮಾಡಿಕೊಳ್ಳುವುದು.

ಮೈರೆಗೆ ಆ ಸಂಕೋಚವಿಲ್ಲ.
ಮೂವತ್ತೊಂದು ವರ್ಷ ಅದನ್ನೇ ಸೀಳಿ, ಬಿಡಿಸಿ,
ಬೆಳಕಿಗೆ ಹಿಡಿದವಳು. ಇಲಿಯದು, ಟಗರಿನದು,
ಒಮ್ಮೆ ಉತ್ತರದಿಂದ ಮಂಜಿನ ಪೆಟ್ಟಿಗೆಯಲ್ಲಿ ಬಂದ ಹಿಮಸಾರಂಗದ್ದು.
"ಚಳಿಗಾಲಕ್ಕೆ ಅಂಗಡಿ ಮುಚ್ಚಿದ್ದಾರೆ" ಎಂದು ನಕ್ಕಿದ್ದಳು.

ಇಲಿಯ ಕೊಳವೆಯನ್ನು ಶಾವಿಗೆಯಂತೆ ಬಿಡಿಸಿ
ಕೆಳಗಿನಿಂದ ದೀಪ ಕೊಟ್ಟರೆ
ಅಲ್ಲಲ್ಲಿ ಕಪ್ಪು, ಆಮೇಲೆ ತಿಳಿ, ಮತ್ತೆ ಕಪ್ಪು.
ಕಪ್ಪೆಂದರೆ ಮಾಗಿದ್ದು: ಬಾಲ ಮೂಡಿ, ತಲೆ ಬಿಗಿದು
ಹೊರಡಲು ತುದಿಗಾಲಲ್ಲಿ ನಿಂತ ಗುಂಪು.
ತಿಳಿಯೆಂದರೆ ಈಗಷ್ಟೇ ಖಾಲಿಯಾದ ಜಾಗ.

"ಒಂದೇ ಬಸಿರಿನವು" ಎಂದು ಹೊಸಬರಿಗೆ ತೋರಿಸುತ್ತಾಳೆ,
"ಒಡೆದವು, ಪೂರ್ತಿ ಬೇರೆಯಾಗಲಿಲ್ಲ ನೋಡು,
ನಡುವೆ ಸಣ್ಣ ಸೇತುವೆ ಉಳಿಸಿಕೊಂಡಿವೆ,
ಇದರ ಬಟ್ಟಲಿನ ಗಂಜಿ ಅದಕ್ಕೆ."
ತಳದಿಂದ ಟೊಳ್ಳಿನವರೆಗೆ ನಿಡಿದಾಗಿ ನಿಂತ ದಾದಿಕೋಶ
ಎಲ್ಲರನ್ನೂ ಸೆರಗಿನ ಮಡಿಕೆಯಲ್ಲಿಟ್ಟು
ಮೇಲೇರುವವರ ಬೆನ್ನ ಹಿಂದೆ ಬಾಗಿಲು ಹಾಕಿದ ಮೇಲೆಯೇ
ಮುಂದಿನ ಬಾಗಿಲು ತೆರೆಯುತ್ತದೆ.
ಒಳಗಿನವರ ಗುರುತು ರಕ್ತಕ್ಕಿಲ್ಲ, ಕಂಡರೆ ಕಳ್ಳರೆಂದು ಬಡಿದೀತು.
ಇಲ್ಲಿನ ಮನೆಗಳಿಗೂ ಹಾಗೆ ಎರಡೆರಡು ಬಾಗಿಲು.
ಒಂದು ಮುಚ್ಚದೆ ಇನ್ನೊಂದು ತೆರೆದವನಿಗೆ
ಅಜ್ಜಿಯಿಂದ ಬೈಗುಳ.

ಜನವರಿ, ಗುರುವಾರ. ಔರಾ ನದಿ ಹೆಪ್ಪುಗಟ್ಟಿದೆ.
ಗುಲಾಬಿ ದ್ರಾವಣದಲ್ಲಿ ಅಕ್ಕಿಕಾಳಿನಷ್ಟು ತುಣುಕು.
ಚೀಟಿಯಲ್ಲಿ ಬರೀ ಅಂಕಿ.
ಕಾರಿಡಾರಿನಲ್ಲಿ ಅಂಕಿಗೆ ಹೆಸರಿತ್ತು ನಿನ್ನೆ:
ಏಲಿಸ್, ಏಳು ವರ್ಷ, ಮುಂದಿನ ಹಲ್ಲೊಂದಿಲ್ಲ.
ಸೋಮವಾರದಿಂದ ಅವನ ನರದೊಳಕ್ಕೆ ಔಷಧ,
ಕಳೆಯನ್ನೂ ಪೈರನ್ನೂ ಒಂದೇ ಕುಡುಗೋಲಿನಿಂದ ಕೊಯ್ಯುವಂಥದ್ದು.

ತಾಯಿ ರೀಕ್ಕಾ ಕೇಳಿದಳು, "ಏನಿದೆ ಅದರೊಳಗೆ?"
"ಹೆಚ್ಚೇನಿಲ್ಲ" ಎಂದಳು ಮೈರೆ, ಸುಳ್ಳು ಬಾರದವಳು.
"ಕೊಳವೆಗಳಿಗೆ ಟೊಳ್ಳೇ ಬಿಟ್ಟಿಲ್ಲ ಇನ್ನೂ.
ದಾದಿಯರು ಎಳೆಯರು, ಕೆಲಸ ಕಲಿತಿಲ್ಲ.
ಗೋಡೆಗೆ ಒರಗಿ ಅಲ್ಲೊಂದು ಇಲ್ಲೊಂದು ಮೂಲಕೋಶ."
"ಮುಂದೆ ಇದರಿಂದ..."
"ಕೋತಿಯಲ್ಲಿ ಆಗಿದೆ. ಮನುಷ್ಯರಲ್ಲಿ ನೋಡಬೇಕು."
ಸ್ವಲ್ಪ ಹೊತ್ತಿನ ಮೇಲೆ ರೀಕ್ಕಾ,
"ಅವನಿಗೆ ಸೌನಾ ಎಂದರೆ ಪ್ರಾಣ."
"ಗುಣವಾಗಲಿ. ಕೆಳಗಿನ ಹಲಗೆಯಲ್ಲಿ ಕೂರಿಸು."

ಹೇಳದೆ ನುಂಗಿದ್ದು:
ಆ ಕೋಶಗಳು ಅಲ್ಲಿಯವಲ್ಲ, ರೀಕ್ಕಾ.
ನಿನ್ನೊಳಗೆ ಅವನು ಎಳ್ಳುಕಾಳಿನಷ್ಟಿದ್ದಾಗ
ಅವು ಅವನ ಮೈಯ ಹೊರಗೆ, ಹಳದಿಚೀಲದ ಗೋಡೆಯಲ್ಲಿದ್ದವು.
ಕರುಳಿನ ಜಾಡು ಹಿಡಿದು ತೆವಳಿದವು,
ದಾರಿ ತಪ್ಪಿದವು ಅಲ್ಲಲ್ಲೇ ಸತ್ತವು.
ತಲುಪಿದ ದಿಬ್ಬ ಗಂಡೂ ಅಲ್ಲ, ಹೆಣ್ಣೂ ಅಲ್ಲ.
ಏಳನೆಯ ವಾರದ ಹೊತ್ತಿಗೆ
ಒಂದು ಜೀನ್ ಬೆಂಕಿಕಡ್ಡಿಯಂತೆ ಗೀರಿತು,
ದಿಬ್ಬ ಮನಸ್ಸು ಮಾಡಿತು.
ಆಮೇಲೆ ತಿಂಗಳುಗಟ್ಟಲೆ ಇಳಿತ,
ಮೂತ್ರಪಿಂಡದ ನೆರೆಮನೆಯಿಂದ
ಮೈಯ ಹೊರಗಿನ ತಂಪು ಜಗಲಿಗೆ.
ಇಷ್ಟು ನಡೆದು ಬಂದದ್ದನ್ನು
ನಾನು ಈಗ ಇನ್ನೊಮ್ಮೆ ಪಯಣಕ್ಕೆ ಹಾಕುತ್ತಿದ್ದೇನೆ.

ನಿಮಿಷಕ್ಕೊಂದು ಡಿಗ್ರಿ ಇಳಿಸಿದಳು.
ಕೊನೆಗೆ ದ್ರವ ಸಾರಜನಕ. ಬಿಳಿ ಹೊಗೆ ಮೊಣಕೈವರೆಗೆ.
ಮುಚ್ಚಳ ಹಾಕಿ, ಪುಸ್ತಕದಲ್ಲಿ ವೇಳೆ ಬರೆದು,
ಬಸ್ಸು ಹೋಗಿಬಿಟ್ಟಿತೆಂದು ತಿಳಿದೂ
ಕೂತೇ ಇದ್ದಳು.

ಮೇಜಿನ ಮೇಲೆ, ಕಾಗದ ಹಾರದಂತೆ,
ನಿನ್ನೆ ಹುಡುಗ ಕೋಟಿನ ಜೇಬಿನಿಂದ ತೆಗೆದುಕೊಟ್ಟದ್ದು,
ಬೇಸಿಗೆಯ ಸಮುದ್ರ ನುಣ್ಣಗೆ ಮಾಡಿದ್ದು.
"ಕಿವಿ" ಎಂದಿದ್ದ, ಬೊಚ್ಚು ಹಲ್ಲಿನಿಂದ ಗಾಳಿ ಬಿಡುತ್ತ.
ಮೆದುಳಿನ ಬುಡದಿಂದ ಕರೆ ಬರಲು
ಇನ್ನೂ ಐದಾರು ವರ್ಷ. ಬಂದರೆ.
ಕಲ್ಲು ಅಲ್ಲೇ ಇದೆ,
ಟ್ಯಾಂಕಿನ ಕಡೆಗೆ ವಾಲಿಕೊಂಡು.